ಗೆರೆ ಬಿಟ್ಟ ಜಾಗ

2023ರ ಮಾರ್ಚ್ ಕೊನೆಯಿಂದ ಅಕ್ಟೋಬರ್ 9ರವರೆಗೆ ಬೆಂಗಳೂರು ಮೆಟ್ರೊದ ನೇರಳೆ ಮಾರ್ಗ ನಿಜಕ್ಕೂ ತುಂಡಾಗಿತ್ತು. ವೈಟ್‌ಫೀಲ್ಡ್‌ನಿಂದ ಹೊರಟ ರೈಲು ಕೃಷ್ಣರಾಜಪುರದಲ್ಲಿ ನಿಲ್ಲುತ್ತಿತ್ತು, ನಗರದ ಒಳಗಿನಿಂದ ಬಂದದ್ದು ಬೈಯಪ್ಪನಹಳ್ಳಿಯಲ್ಲಿ ನಿಲ್ಲುತ್ತಿತ್ತು. ನಡುವಿನ ಸುಮಾರು 2 ಕಿಲೋಮೀಟರ್ ದೂರವನ್ನು ಜನ ಫೀಡರ್ ಬಸ್ಸಿನಲ್ಲೋ ಆಟೊದಲ್ಲೋ ದಾಟುತ್ತಿದ್ದರು. ಕಾಮಗಾರಿ ಮುಗಿಯದ ಮಾರ್ಗವನ್ನು ತುಂಡು ಗೆರೆಯಲ್ಲಿ ತೋರಿಸುವುದು ಮೆಟ್ರೊ ನಕ್ಷೆಗಳಲ್ಲಿ ಸಾಮಾನ್ಯ ರೂಢಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗವೂ 2025ರ ಆಗಸ್ಟ್‌ನಲ್ಲಿ ಓಡಾಟಕ್ಕೆ ತೆರೆಯುವವರೆಗೆ ನಮ್ಮ ಕಣ್ಣಿಗೆ ಬೀಳುತ್ತಿದ್ದುದು ಹೆಚ್ಚಾಗಿ ಹಾಗೆಯೇ. ನಕ್ಷೆ ಬರೆದವರಿಗೆ ಆ ತುಂಡುಗಳು ‘ಇಲ್ಲಿ ರೈಲು ಬರಲಿದೆ’ ಎನ್ನುವ ಮಾತು. ಪ್ರತಿದಿನ ಬಸ್ಸಿಗೆ ಕಾಯುವವರಿಗೆ ‘ಇಲ್ಲಿ ಇನ್ನೂ ರೈಲಿಲ್ಲ’ ಎನ್ನುವ ಮಾತು. ಒಂದೇ ಗೆರೆ ಈ ಎರಡನ್ನೂ ಹೇಳಬಲ್ಲದು ಎನ್ನುವುದೇ ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವ ಸಂಗತಿ.

ತುಂಡು ಗೆರೆಯನ್ನು ನಾವು ಸಾಮಾನ್ಯವಾಗಿ ಅರೆಮನಸ್ಸಿನ ಗೆರೆಯೆಂದು ಭಾವಿಸುತ್ತೇವೆ. ಪೂರ್ತಿ ಎಳೆದದ್ದು ಖಚಿತ, ಬಿಟ್ಟುಬಿಟ್ಟು ಎಳೆದದ್ದು ಅನುಮಾನದ್ದು ಎಂಬ ಎಣಿಕೆ ನಮ್ಮಲ್ಲಿದೆ. ಚಿತ್ರಗಳನ್ನು, ಕಸೂತಿಯನ್ನು, ನಕ್ಷೆಗಳನ್ನು ನೋಡುತ್ತ ಹೋದಂತೆ ನನಗೆ ಇದರ ವಿರುದ್ಧದ ನಂಬಿಕೆ ಗಟ್ಟಿಯಾಗಿದೆ. ಗೆರೆಯ ನಡುವೆ ಬಿಟ್ಟ ಜಾಗವೂ ಕೈಯಿಂದ ಮಾಡಿದ್ದೇ. ಅದಕ್ಕೂ ಅಳತೆಯಿದೆ, ಅದಕ್ಕೂ ಸರಿತಪ್ಪುಗಳಿವೆ, ಅದನ್ನು ಅಲ್ಲಿ ಬಿಟ್ಟವರಿಗೆ ಹೊಣೆಯಿದೆ.

ಆ ಜಾಗವನ್ನು ತುಂಬುವ ಕೆಲಸ ನೋಡುವವರ ಕಣ್ಣಿನದು. 1923ರಲ್ಲಿ ಜರ್ಮನಿಯ ಮನೋವಿಜ್ಞಾನಿ ಮ್ಯಾಕ್ಸ್ ವರ್ಟ್‌ಹೈಮರ್ ಚುಕ್ಕಿಗಳ ಮತ್ತು ಗೆರೆಗಳ ಸರಳ ಜೋಡಣೆಗಳನ್ನು ಇಟ್ಟುಕೊಂಡು, ಹತ್ತಿರದವು, ಒಂದೇ ಬಗೆಯವು, ಒಂದೇ ದಿಕ್ಕಿನಲ್ಲಿ ಮುಂದುವರಿಯುವವು ನಮಗೆ ಒಟ್ಟಾಗಿಯೇ ಕಾಣುತ್ತವೆ ಎಂದು ತೋರಿಸಿದರು. 1955ರಲ್ಲಿ ಇಟಲಿಯ ಮನೋವಿಜ್ಞಾನಿ ಗೇಟಾನೊ ಕನಿಜ್ಸಾ ಇನ್ನೂ ಮುಂದೆ ಹೋದರು. ಬಾಯಿ ತೆರೆದ ಮೂರು ಕಪ್ಪು ಬಿಲ್ಲೆಗಳನ್ನು ಮೂರು ಮೂಲೆಗಳಲ್ಲಿ ಇಟ್ಟರೆ ನಡುವೆ ಒಂದು ಬಿಳಿ ತ್ರಿಕೋನ ಎದ್ದು ಕಾಣುತ್ತದೆ. ಅದರ ಅಂಚುಗಳನ್ನು ಯಾರೂ ಎಳೆದಿರುವುದಿಲ್ಲ, ಆದರೂ ಆ ತ್ರಿಕೋನ ಸುತ್ತಲಿನ ಕಾಗದಕ್ಕಿಂತ ಹೆಚ್ಚು ಬೆಳ್ಳಗಿದೆಯೆಂದೇ ತೋರುತ್ತದೆ. ಇದು ಬರಿಯ ಊಹೆಯಲ್ಲ. 1984ರಲ್ಲಿ ಜ್ಯೂರಿಕ್‌ನ ಸಂಶೋಧಕರು ಮಂಗಗಳ ಮಿದುಳಿನಲ್ಲಿ ದೃಷ್ಟಿಗೆ ಸಂಬಂಧಿಸಿದ ‘ವಿ2’ ಎಂಬ ಭಾಗದ ಕೆಲವು ನರಕೋಶಗಳು, ಇಲ್ಲದ ಅಂಚಿಗೂ ಇರುವ ಅಂಚಿಗೆ ಸ್ಪಂದಿಸಿದಂತೆಯೇ ಸ್ಪಂದಿಸುವುದನ್ನು ಕಂಡರು. ಕಾಡಿನಲ್ಲಿ ಎಲೆಗಳ ಮರೆಯಿಂದ ಪ್ರಾಣಿಯ ಮೈ ತುಣುಕು ತುಣುಕಾಗಿ ಕಂಡಾಗ ಅದನ್ನು ಒಂದೇ ಪ್ರಾಣಿಯೆಂದು ಗುರುತಿಸಬೇಕಾದ ಕಣ್ಣಿಗೆ ಈ ಸಾಮರ್ಥ್ಯ ಬೇಕೇ ಬೇಕು. ತುಂಡು ಗೆರೆ ಎಳೆಯುವವರು ಈ ಹಳೆಯ ಸಾಮರ್ಥ್ಯವನ್ನು ನಂಬಿ ಕೆಲಸ ಮಾಡುತ್ತಾರೆ.

ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದಿದವರ ಸಂಖ್ಯೆ ದೊಡ್ಡದು, ಆದ್ದರಿಂದ ಮುಂದಿನ ಉದಾಹರಣೆ ಅನೇಕರಿಗೆ ತಿಳಿದೇ ಇರುತ್ತದೆ. ಮೊದಲ ವರ್ಷದ ಡ್ರಾಯಿಂಗ್ ತರಗತಿಯಲ್ಲಿ ಕಣ್ಣಿಗೆ ಕಾಣುವ ಅಂಚಿಗೆ ಪೂರ್ತಿ ಗೆರೆ, ವಸ್ತುವಿನ ಹಿಂದೆ ಅಥವಾ ಒಳಗೆ ಮರೆಯಾದ ಅಂಚಿಗೆ ಹಿಡನ್ ಲೈನ್ ಎಂಬ ತುಂಡು ಗೆರೆ, ನಡುಅಕ್ಷಕ್ಕೆ ಉದ್ದ ಗೀಟು ಮತ್ತು ಚುಕ್ಕಿ ಒಂದರ ನಂತರ ಒಂದು ಬರುವ ಸೆಂಟರ್ ಲೈನ್ ಎಂದು ಕಲಿಸುತ್ತಾರೆ. ಭಾರತೀಯ ಮಾನಕ ಸಂಸ್ಥೆ ಶಾಲಾ ಕಾಲೇಜುಗಳಿಗೆಂದೇ ಹೊರತಂದ ಎಸ್‌ಪಿ 46 ಎಂಬ ಕೈಪಿಡಿಯಲ್ಲಿ ಈ ಗೆರೆಗಳ ವಿಂಗಡಣೆಯಿದೆ. ಇಷ್ಟು ಎಲ್ಲರಿಗೂ ನೆನಪಿರುತ್ತದೆ. ಮರೆತುಹೋಗುವುದು ತುಂಡುಗಳನ್ನು ಎಲ್ಲಿ ಇಡಬೇಕು, ಎಲ್ಲಿ ಬಿಡಬೇಕು ಎನ್ನುವ ನಿಯಮಗಳು. ಹಿಡನ್ ಲೈನ್ ಒಂದು ಕಾಣುವ ಅಂಚಿಗೆ ಬಂದು ಸೇರುವಾಗ ಗೀಟೇ ಹೋಗಿ ಮುಟ್ಟಬೇಕು, ಖಾಲಿ ಜಾಗ ಮುಟ್ಟಬಾರದು. ಎರಡು ಹಿಡನ್ ಲೈನುಗಳು ಮೂಲೆಯಲ್ಲಿ ಕೂಡುವಾಗ ಎರಡರ ಗೀಟುಗಳೂ ಕೂಡಬೇಕು, ಇಲ್ಲದಿದ್ದರೆ ಆ ಮೂಲೆ ಎಲ್ಲಿದೆಯೆಂದು ಲೇತ್ ಯಂತ್ರದ ಮುಂದೆ ನಿಂತವನಿಗೆ ತಿಳಿಯದು. ಆದರೆ ಕಾಣುವ ಅಂಚು ಎಲ್ಲಿ ಮುಗಿಯುತ್ತದೋ ಅಲ್ಲಿಂದಲೇ ಅದೇ ನೇರದಲ್ಲಿ ಮರೆಯಾದ ಅಂಚು ಶುರುವಾಗುವುದಾದರೆ, ಅಲ್ಲಿ ಮಾತ್ರ ಮೊದಲು ಜಾಗ ಬಿಡಬೇಕು. ಬಿಡದಿದ್ದರೆ ಕಾಣುವುದು ಎಲ್ಲಿ ಮುಗಿಯಿತು, ಕಾಣದ್ದು ಎಲ್ಲಿ ಮೊದಲಾಯಿತು ಎನ್ನುವುದೇ ಅಳಿಸಿಹೋಗುತ್ತದೆ.

ಸಾಮಾನ್ಯ ಹಾಳೆಯಲ್ಲಿ ಗೀಟು ಸುಮಾರು 3 ಮಿಲಿಮೀಟರ್, ಬಿಡುವು ಸುಮಾರು 1 ಮಿಲಿಮೀಟರ್. ಆ 1 ಮಿಲಿಮೀಟರ್ ಖಾಲಿಯ ಮೇಲೆ ಒಂದು ಯಂತ್ರದ ಭಾಗ ಸರಿಯಾಗಿ ತಯಾರಾಗುವುದೋ ಇಲ್ಲವೋ ಎನ್ನುವುದು ನಿಂತಿರಬಹುದು. ಖಾಲಿ ಜಾಗಕ್ಕೆ ಇದಕ್ಕಿಂತ ಕಟ್ಟುನಿಟ್ಟಾದ ವ್ಯಾಕರಣವನ್ನು ನಾನು ಬೇರೆಲ್ಲೂ ಕಂಡಿಲ್ಲ, ಒಂದು ಕಡೆಯನ್ನು ಬಿಟ್ಟು. ಅದರ ವಿಷಯ ಸ್ವಲ್ಪ ಮುಂದೆ ಬರುತ್ತದೆ.

ಚಿತ್ರಕಲೆಯಲ್ಲಿ ಇಂಥ ನಿಯಮಪುಸ್ತಕವಿಲ್ಲ, ಆದರೆ ಅಲ್ಲಿಯೂ ಜಾಗ ಬಿಡುವುದು ಸೋಮಾರಿತನದಿಂದಲ್ಲ. ಮುಖದ ಒಂದು ಬದಿಗೆ ಬೆಳಕು ಬಿದ್ದಾಗ ಆ ಕಡೆಯ ಅಂಚಿನ ಗೆರೆಯನ್ನು ತೆಳುವಾಗಿಸಿ, ಕೆಲವೆಡೆ ಪೂರ್ತಿ ಕೈಬಿಡುವುದು ಬಹಳ ಹಳೆಯ ಕ್ರಮ. ರೆಂಬ್ರಾಂಟ್‌ನ ಲೇಖನಿಯ ಚಿತ್ರಗಳಲ್ಲಿ ಕಾಗದದ ಬಿಳಿಯೇ ಬಿಸಿಲಾಗಿ ಒಳನುಗ್ಗುವುದು ಇಂಥ ಬಿರುಕುಗಳಿಂದ. 1888ರಲ್ಲಿ ಆರ್ಲ್ ಎಂಬ ಊರಿನಲ್ಲಿದ್ದಾಗ ವ್ಯಾನ್ ಗೋ ಜೊಂಡಿನ ಲೇಖನಿಯಿಂದ ಬರೆದ ಹೊಲಗಳ ಚಿತ್ರಗಳಲ್ಲಿ ಉದ್ದದ ಗೆರೆಗಳೇ ಕಡಿಮೆ. ಚುಕ್ಕಿ, ಚಿಕ್ಕ ಗೀಟು, ಬಾಗಿದ ಗೀಟು ಇಷ್ಟರಿಂದಲೇ ಹತ್ತಿರದ ಹುಲ್ಲು, ದೂರದ ಬಯಲು, ಅದರಾಚೆಯ ಆಕಾಶ ಬೇರೆಬೇರೆಯಾಗುತ್ತವೆ. ದೂರ ಹೋದಂತೆ ಗೀಟು ಚಿಕ್ಕದಾಗುತ್ತದೆ, ಕೊನೆಗೆ ಚುಕ್ಕಿಯಾಗುತ್ತದೆ. ಜೊಂಡಿನ ಲೇಖನಿ ಹೆಚ್ಚು ಶಾಯಿ ಹಿಡಿಯದು, ಪದೇ ಪದೇ ಅದ್ದಬೇಕು. ಉಪಕರಣದ ಈ ಮಿತಿಯನ್ನೇ ಆತ ತನ್ನ ಲಯವಾಗಿಸಿಕೊಂಡ.

ಚೀನಾದಲ್ಲಿ ಈ ಮಾತನ್ನು ಸಾವಿರ ವರ್ಷಗಳಿಗೂ ಹಿಂದೆ ಚರ್ಚಿಸಿದ್ದರು. ಒಂಬತ್ತನೆಯ ಶತಮಾನದ ಕಲಾ ಇತಿಹಾಸಕಾರ ಝಾಂಗ್ ಯಾನ್‌ಯುವಾನ್, ಕುಂಚದ ಹೊಡೆತಗಳು ಚದುರಿ ಅಲ್ಲಲ್ಲಿ ಬಿಟ್ಟುಹೋದಂತೆ ಕಂಡರೂ ಭಾವ ಪೂರ್ಣವಾಗಿರುವ ಚಿತ್ರಗಳಿವೆಯೆಂದು, ಅವುಗಳನ್ನು ನೋಡುವುದಕ್ಕೆ ಬೇರೆಯೇ ತಿಳಿವಳಿಕೆ ಬೇಕೆಂದು ಬರೆದ. ಅಲ್ಲಿನ ಅಕ್ಷರಕಲೆಯಲ್ಲಿ ಒಣಗಿದ ಕುಂಚ ವೇಗವಾಗಿ ಸರಿದಾಗ ಕೂದಲುಗಳ ನಡುವೆ ಬಿಳಿಯ ಎಳೆಗಳು ಉಳಿಯುವ ಒಂದು ಶೈಲಿಯೇ ಇದೆ. ಅಲ್ಲಿ ಮಸಿ ಕಾಣುವಷ್ಟೇ ಕೈಯ ವೇಗವೂ ಕಾಣುತ್ತದೆ.

ನಮ್ಮ ಚಿತ್ರಕಾರ ಕೆ.ಕೆ. ಹೆಬ್ಬಾರರು ಕಥಕ್ ಕಲಿತಿದ್ದರು, ನೃತ್ಯವನ್ನು ಹತ್ತಿರದಿಂದ ಬಲ್ಲವರು. ಅವರ ನರ್ತಕರ ರೇಖಾಚಿತ್ರಗಳಲ್ಲಿ ಒಂದು ಗೆರೆ ಭುಜದಿಂದ ಹೊರಟು ಮುಂಗೈವರೆಗೆ ಹರಿದು ಸುಮ್ಮನೆ ನಿಂತುಬಿಡುತ್ತದೆ, ಮತ್ತೊಂದು ಗೆರೆ ಬೇರೊಂದು ಕಡೆಯಿಂದ ಏಳುತ್ತದೆ. ಮೈ ಎಲ್ಲಿಯೂ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಹಾಗಾಗಿಯೇ ಅದು ಇನ್ನೂ ಚಲಿಸುತ್ತಿದೆ ಎನ್ನಿಸುತ್ತದೆ. ಸುತ್ತಲೂ ಬಿಗಿಯಾಗಿ ಗೆರೆ ಕಟ್ಟಿದ್ದರೆ ನರ್ತಕಿ ಅಲ್ಲೇ ಕಲ್ಲಾಗುತ್ತಿದ್ದಳು.

ಆದರೆ ತುಂಡು ಗೆರೆಯನ್ನೇ ಬದುಕಾಗಿಸಿಕೊಂಡ ಭಾರತೀಯ ಕಲಾವಿದೆ ಎಂದರೆ ನನಗೆ ನಸ್ರೀನ್ ಮೊಹಮದಿ. 1937ರಲ್ಲಿ ಕರಾಚಿಯಲ್ಲಿ ಹುಟ್ಟಿ, 1972ರಿಂದ ಬರೋಡದಲ್ಲಿ ಪಾಠ ಹೇಳುತ್ತ, 1990ರಲ್ಲಿ ತೀರಿಕೊಂಡ ಆಕೆ ಶಾಯಿ ಮತ್ತು ಪೆನ್ಸಿಲ್ಲಿನಲ್ಲಿ, ವಾಸ್ತುಶಿಲ್ಪಿಗಳು ಬಳಸುವಂಥ ಉಪಕರಣಗಳನ್ನು ಹಿಡಿದು ಗೆರೆಗಳನ್ನಷ್ಟೇ ಎಳೆದರು. ಮರ, ಮನೆ, ಮನುಷ್ಯ ಯಾವುದೂ ಇಲ್ಲ. ಸಮಾಂತರ ಗೆರೆಗಳು ಹಾಳೆಯನ್ನು ಅಡ್ಡಲಾಗಿ ದಾಟುತ್ತವೆ, ಒಂದು ಜಾಗದಲ್ಲಿ ತೆಳುವಾಗುತ್ತವೆ, ಕಡಿಯುತ್ತವೆ, ಸ್ವಲ್ಪ ಆಚೆ ಇನ್ನೊಂದು ಗಾಢತೆಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ಅವು ಕಡಿದ ಕಡೆಗಳನ್ನು ಕಣ್ಣು ಜೋಡಿಸಿಕೊಂಡಾಗ ಯಾರೂ ಎಳೆಯದ ಇನ್ನೊಂದು ಓರೆಗೆರೆ ಹಾಳೆಯ ಮೇಲೆ ಹಾದುಹೋಗುತ್ತದೆ. ಕೊನೆಯ ವರ್ಷಗಳಲ್ಲಿ ಕೈಕಾಲುಗಳ ಹಿಡಿತವನ್ನೇ ತಪ್ಪಿಸುವ ನರರೋಗ ಆಕೆಯನ್ನು ಕಾಡುತ್ತಿತ್ತು. ಆ ಕಾಲದ ಗೆರೆಗಳು ಮೊದಲಿಗಿಂತ ನಿಖರವಾಗಿವೆ, ಅವುಗಳ ನಡುವಿನ ಜಾಗ ಮೊದಲಿಗಿಂತ ದೊಡ್ಡದಾಗಿದೆ. ರೋಗಕ್ಕೂ ಆ ಬಿಡುವುಗಳಿಗೂ ನೇರ ಗಂಟು ಹಾಕುವುದು ಸರಿಯಲ್ಲವೆಂದು ನನ್ನ ಅನಿಸಿಕೆ. ಅವು ರೋಗದ ಗುರುತುಗಳಲ್ಲ, ಆಕೆ ವರ್ಷಗಟ್ಟಲೆ ದುಡಿದು ತಲುಪಿದ ನಿರ್ಧಾರಗಳು.

ಅಮೆರಿಕದ ಕಲಾವಿದ ಸೋಲ್ ಲೆವಿಟ್ 1972ರ ಒಂದು ಗೋಡೆಚಿತ್ರಕ್ಕೆ ಬರೆದ ಸೂಚನೆಯಲ್ಲಿ ಬಾಗಿದ, ನೇರವಾದ, ನೇರವಲ್ಲದ ಮತ್ತು ತುಂಡಾದ ಗೆರೆಗಳನ್ನು ಒಂದೇ ಸಾಲಿನಲ್ಲಿ ಕೂರಿಸಿದ. ತುಂಡು ಗೆರೆ ಅಲ್ಲಿ ನೇರ ಗೆರೆಯ ಕೊರತೆಯಾಗಿ ಬರುವುದಿಲ್ಲ, ಸಮಾನ ಸದಸ್ಯನಾಗಿ ಬರುತ್ತದೆ. ಆ ಸೂಚನೆಯನ್ನು ಹಿಡಿದು ಬೇರೆ ಯಾರು ಬೇಕಾದರೂ ಗೋಡೆಯ ಮೇಲೆ ಎಳೆಯಬಹುದು.

ಈಗ ಆ ಇನ್ನೊಂದು ಕಟ್ಟುನಿಟ್ಟಾದ ವ್ಯಾಕರಣ. ಧಾರವಾಡದ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂದು ನಾಲ್ಕು ಹೊಲಿಗೆಗಳಿವೆ. ಗವಂತಿಯನ್ನು ಹತ್ತಿರದಿಂದ ನೋಡಿದವರು ತುಂಡು ಗೆರೆಯನ್ನು ಮತ್ತೆ ಹಗುರವಾಗಿ ಕಾಣಲಾರರು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಟ್ರೇಸ್ ಮಾಡುವುದಿಲ್ಲ; ನೇಯ್ಗೆಯ ಎಳೆಗಳನ್ನು ಎಣಿಸಿಕೊಂಡು ಸೂಜಿ ಹಾಕುತ್ತಾರೆ. ಹೋಗುವಾಗ ಇಷ್ಟು ಎಳೆ ಮೇಲೆ, ಅಷ್ಟೇ ಎಳೆ ಕೆಳಗೆ ಎಂದು ಸಾದಾ ರನ್ನಿಂಗ್ ಸ್ಟಿಚ್ ಹಾಕುತ್ತ ಹೋಗುವುದರಿಂದ ಬಟ್ಟೆಯ ಮೇಲ್ಮೈಯಲ್ಲಿ ಸಮನಾದ ಗೀಟು, ಸಮನಾದ ಬಿಡುವು ಇರುವ ತುಂಡು ಗೆರೆ ಮೂಡುತ್ತದೆ. ಮೇಲೆ ಬಿಡುವಿದ್ದ ಕಡೆ ಹಿಂಬದಿಯಲ್ಲಿ ಗೀಟಿರುತ್ತದೆ. ಗೆರೆಯ ತುದಿ ಮುಟ್ಟಿದ ಮೇಲೆ ಅದೇ ದಾರಿಯಲ್ಲಿ ಹಿಂತಿರುಗುತ್ತಾರೆ, ಹೋಗುವಾಗ ಬಿಟ್ಟ ಜಾಗಗಳನ್ನು ಬರುವಾಗ ತುಂಬುತ್ತಾರೆ. ಕೊನೆಗೆ ಎರಡೂ ಬದಿಯಲ್ಲಿ ಒಂದೇ ರೀತಿಯ ಅಖಂಡ ಗೆರೆ ಇರುತ್ತದೆ. ಗಂಟಿಲ್ಲ, ಯಾವುದು ಮೇಲು ಯಾವುದು ಒಳಮೈ ಎಂದು ಹೇಳಲಾಗದು.

ನೇರ ಗೆರೆಗೆ ಇದು ಸುಲಭವೆನ್ನಿಸಬಹುದು. ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿ ಹೊತ್ತ ಆನೆಯ ವಿನ್ಯಾಸಗಳಲ್ಲಿ ಗೆರೆ ಕವಲೊಡೆಯುತ್ತದೆ. ಪ್ರತಿ ಕವಲಿನಲ್ಲಿಯೂ ಯಾವ ಕೊಂಬೆಗೆ ಮೊದಲು ಹೋಗಿ, ಎಲ್ಲಿಂದ ಮರಳಿ, ಯಾವ ಬಿಡುವನ್ನು ಯಾವಾಗ ತುಂಬಬೇಕೆಂದು ಮುಂಚೆಯೇ ಲೆಕ್ಕ ಹಾಕಿರಬೇಕು, ಒಂದೆಡೆ ಎಣಿಕೆ ತಪ್ಪಿದರೆ ಹಿಂದಿರುಗುವ ದಾರಿಯಲ್ಲಿ ಸೂಜಿ ತಪ್ಪು ಬದಿಯಲ್ಲಿ ಏಳುತ್ತದೆ, ಅಲ್ಲಿಯವರೆಗಿನ ಹೊಲಿಗೆ ಬಿಚ್ಚಬೇಕಾಗುತ್ತದೆ. ಇಳಕಲ್ ಸೀರೆಯ ಸೆರಗಿನ ಮೇಲೆ ಈ ಕೆಲಸ ಮಾಡುವ ಹೆಂಗಸರು ಇದನ್ನು ಕಾಗದದ ಮೇಲೆ ಬರೆದುಕೊಂಡು ಕಲಿತದ್ದಲ್ಲ. ಬಿಟ್ಟ ಜಾಗವನ್ನು ಇಲ್ಲಿ ಯಾರ ಕಣ್ಣಿಗೂ ಒಪ್ಪಿಸಿಲ್ಲ. ಬಿಟ್ಟವರೇ ಮರಳಿ ಬಂದು ತುಂಬುತ್ತಾರೆ. ನನಗೆ ಇದು ಬಹಳ ದೊಡ್ಡದಾಗಿ ಕಾಣುತ್ತದೆ.

ಕೌದಿಯಲ್ಲಿ ಹಾಗಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುವ ಕೌದಿಯಲ್ಲಿ ರನ್ನಿಂಗ್ ಸ್ಟಿಚ್ ತುಂಡು ಗೆರೆಯಾಗಿಯೇ ಉಳಿಯುತ್ತದೆ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯಲ್ಲಿ ಈ ಗೆರೆ ಅಂಚಿನ ಒಂದು ಮೂಲೆಯಿಂದ ಹೊರಟು ಸುತ್ತು ಸುತ್ತಾಗಿ ನಡುವಿಗೆ ಬರುತ್ತದೆ. ಹೊದ್ದುಕೊಳ್ಳುವವರ ಬೆಚ್ಚಗಿನ ನಿದ್ದೆ ನಿಂತಿರುವುದು ಆ ತುಂಡುಗಳ ಹಿಡಿತದ ಮೇಲೆ.

ನಕ್ಷೆಯ ಮೇಲಿನ ತುಂಡು ಗೆರೆಯ ವಿಚಾರ ಇಷ್ಟು ಸೌಮ್ಯವಲ್ಲ. ಬೆಂಗಳೂರಿನ ಹೊರವಲಯಕ್ಕೆಂದು ಯೋಜಿಸಿದ ಪೆರಿಫೆರಲ್ ರಿಂಗ್ ರಸ್ತೆ 2000ರ ದಶಕದ ಮಧ್ಯಭಾಗದಿಂದ ಹೆಚ್ಚಾಗಿ ಕಾಗದದ ಮೇಲೆಯೇ ಇದೆ. ಪ್ರಸ್ತಾವಿತ ರಸ್ತೆಯ ಗೆರೆ ಯಾರ ಹೊಲದ ಮೇಲೆ ಹಾದುಹೋಯಿತೋ ಅವರಿಗೆ ಆ ಗೆರೆಯ ತುಂಡುಗಳೂ ಒಂದೇ, ಬಿಡುವುಗಳೂ ಒಂದೇ. ಅಧಿಸೂಚನೆಗೆ ಒಳಪಟ್ಟ ಜಮೀನನ್ನು ನಿಶ್ಚಿಂತೆಯಿಂದ ಮಾರುವಂತಿಲ್ಲ, ಕಟ್ಟುವಂತಿಲ್ಲ. ಕಚೇರಿಯಲ್ಲಿ ‘ಇನ್ನೂ ಆಗಿಲ್ಲ’ ಎಂದು ಓದಿಕೊಳ್ಳುವ ಗೆರೆಯನ್ನು ಹೊಲದಲ್ಲಿ ನಿಂತವರು ‘ಆಗಲೇ ಹೋಯಿತು’ ಎಂದು ಓದುತ್ತಾರೆ.

ದಕ್ಷಿಣ ಚೀನಾ ಸಮುದ್ರದ ನಕ್ಷೆ ಇದಕ್ಕಿಂತ ದೊಡ್ಡ ಉದಾಹರಣೆ. 1947ರಲ್ಲಿ ಚೀನಾ ಹನ್ನೊಂದು ಗೀಟುಗಳ ಗೆರೆಯೊಂದನ್ನು ಸಮುದ್ರದ ಮೇಲೆ ಎಳೆಯಿತು, ಮುಂದೆ ಅವು ಒಂಬತ್ತಾದವು. ಗೀಟುಗಳ ನಡುವೆ ನೂರಾರು ಕಿಲೋಮೀಟರ್ ಖಾಲಿ. ಆ ಖಾಲಿಯಲ್ಲಿ ಗಡಿ ಯಾವ ದಾರಿಯಲ್ಲಿ ಹೋಗುತ್ತದೆ, ಅದು ನೀರಿನ ಮೇಲಿನ ಹಕ್ಕೋ ದ್ವೀಪಗಳ ಮೇಲಿನ ಹಕ್ಕೋ ಎನ್ನುವುದನ್ನು ಸ್ಪಷ್ಟವಾಗಿ ಹೇಳದೆಯೇ ದಶಕಗಳು ಕಳೆದವು. ಫಿಲಿಪ್ಪೀನ್ಸ್ ಹೂಡಿದ ಮೊಕದ್ದಮೆಯಲ್ಲಿ 2016ರ ಜುಲೈ 12ರಂದು ಹೇಗ್‌ನ ನ್ಯಾಯಮಂಡಳಿ, ಈ ಗೆರೆಯೊಳಗಿನ ಸಂಪನ್ಮೂಲಗಳ ಮೇಲೆ ಐತಿಹಾಸಿಕ ಹಕ್ಕು ಸಾಧಿಸಲು ಕಾನೂನಿನ ಆಧಾರವಿಲ್ಲ ಎಂದು ತೀರ್ಪು ಕೊಟ್ಟಿತು. ಚೀನಾ ಅದನ್ನು ಒಪ್ಪಲಿಲ್ಲ. ಡ್ರಾಯಿಂಗ್ ಹಾಳೆಯಲ್ಲಿ 1 ಮಿಲಿಮೀಟರ್ ಬಿಡುವಿಗೆ ಲೆಕ್ಕ ಕೇಳುವ ನಾವು ಇಂಥ ಬಿಡುವುಗಳಿಗೂ ಲೆಕ್ಕ ಕೇಳಬೇಕು. ಕಣ್ಣು ತಾನೇ ತುಂಬಿಕೊಳ್ಳುತ್ತದೆ ಎಂಬ ನಂಬಿಕೆಯನ್ನು ಹೆಬ್ಬಾರರು ನರ್ತಕಿಗೆ ಪ್ರಾಣ ಕೊಡಲು ಬಳಸಿದರು, ದೇಶಗಳು ಸಮುದ್ರವನ್ನು ತಮ್ಮದಾಗಿಸಿಕೊಳ್ಳಲು ಬಳಸುತ್ತವೆ.

ರಸ್ತೆಯ ಮೇಲಿನ ತುಂಡು ಗೆರೆಯಲ್ಲಿ ಇಂಥ ಮರೆಮಾಚುವಿಕೆ ಇಲ್ಲ. ಅಮೆರಿಕದ ಹೆದ್ದಾರಿಗಳಲ್ಲಿ ಲೇನ್ ಗೀಟು 10 ಅಡಿ, ಬಿಡುವು 30 ಅಡಿ ಎಂಬ ಅಳತೆಯಿದೆ. ಗೆರೆಯ ಮುಕ್ಕಾಲು ಪಾಲು ಖಾಲಿಯೇ, ಆದರೂ ವೇಗದಲ್ಲಿ ಸಾಗುವವರಿಗೆ ಅದು ಒಂದೇ ಗೆರೆ. ಬ್ರಿಟನ್‌ನಲ್ಲಿ ಗೀಟು ಉದ್ದವಾಗಿ ಬಿಡುವು ಕಿರಿದಾಯಿತೆಂದರೆ ಮುಂದೆ ಅಪಾಯವಿದೆ ಎಂದರ್ಥ. ಬಿಡುವಿನ ಉದ್ದವೇ ಅಲ್ಲಿ ಎಚ್ಚರಿಕೆ.

ಬೆಂಗಳೂರಿನಲ್ಲಿ ಕಂಪ್ಯೂಟರ್, ಫೋನ್ ಪರದೆಗಳಿಗಾಗಿ ವಿನ್ಯಾಸ ಮಾಡುವವರು ಬಹಳ ಜನ, ಅವರಿಗೆ ತುಂಡು ಗೆರೆ ದಿನನಿತ್ಯದ ಸಾಮಾನು. ಫೈಲ್ ಎಳೆದು ಹಾಕುವ ಚೌಕದ ಸುತ್ತ, ಗ್ರಾಫಿನಲ್ಲಿ ಮುಂದಿನ ವರ್ಷದ ಅಂದಾಜಿಗೆ, ಕೂಪನ್ನಿನ ಕತ್ತರಿ ಗುರುತಿನ ಪಕ್ಕದಲ್ಲಿ ಅದು ಇದ್ದೇ ಇರುತ್ತದೆ. ವೆಬ್ ಪುಟದ ಅಂಚಿಗೆ, ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯಲ್ಲಿ ‘ಡ್ಯಾಶ್ಡ್’ ಎಂದು ಬರೆದರೆ ಗೀಟು ಎಷ್ಟುದ್ದ, ಬಿಡುವು ಎಷ್ಟುದ್ದ ಎಂದು ಆ ನಿಯಮ ಹೇಳುವುದಿಲ್ಲ. ಬ್ರೌಸರ್ ತನಗೆ ತಿಳಿದಂತೆ ಎಳೆಯುತ್ತದೆ. ಗೆರೆಚಿತ್ರಗಳನ್ನು ಸಂಕೇತಗಳಲ್ಲಿ ಬರೆಯುವ ಎಸ್‌ವಿಜಿಯಲ್ಲಿ ಹಾಗಲ್ಲ, ಅಲ್ಲಿ ಗೀಟಿಗೊಂದು ಸಂಖ್ಯೆ, ಬಿಡುವಿಗೊಂದು ಸಂಖ್ಯೆ ಕೊಡಬಹುದು. ಚಿತ್ರ ಬಿಡಿಸುವ ತಂತ್ರಾಂಶವಾದ ಇಲ್ಲಸ್ಟ್ರೇಟರಿನಲ್ಲಿ ಗೀಟುಗಳು ಮೂಲೆಗೆ ಸರಿಯಾಗಿ ಬಂದು ಕೂರುವಂತೆ ಮಾಡುವ ಆಯ್ಕೆಯೊಂದಿದೆ. ಡ್ರಾಯಿಂಗ್ ತರಗತಿಯ ಹಳೆಯ ನಿಯಮವೇ ಅಲ್ಲಿ ಒಂದು ಚಿಕ್ಕ ಗುಂಡಿಯಾಗಿ ಉಳಿದಿದೆ. ಆ ಗುಂಡಿ ಒತ್ತದೆ ಬಿಟ್ಟ ಮೂಲೆಗಳು ಮಾತ್ರ ಎಲ್ಲೆಲ್ಲೂ ಕಾಣುತ್ತವೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಎಳೆದ ಗೆರೆಗಳ ಮಾತು. ಕೊರೆದ ಗೆರೆಗಳು ತುಂಡಾಗದೆ ಬೇರೆ ದಾರಿಯೇ ಇಲ್ಲ. ಕುಮಾರಕೃಪಾ ರಸ್ತೆಯ ಚಿತ್ರಕಲಾ ಪರಿಷತ್ತಿನಲ್ಲಿ ತೊಗಲುಗೊಂಬೆಗಳ ಸಂಗ್ರಹವಿದೆ; ಪರಿಷತ್ತನ್ನು ಕಟ್ಟಿದ ಎಂ.ಎಸ್. ನಂಜುಂಡರಾಯರು ಆ ಕಲೆಯ ಬಗ್ಗೆ ಆಸ್ಥೆಯಿಂದ ಕೆಲಸ ಮಾಡಿದವರು. ಈ ಗೊಂಬೆಗಳನ್ನು ಆಡಿಸುವ ಕಿಳ್ಳೇಕ್ಯಾತ ಸಮುದಾಯದವರು ಹದ ಮಾಡಿ ಅರೆಪಾರದರ್ಶಕವಾಗಿಸಿದ ಚರ್ಮದ ಮೇಲೆ ಉಳಿಯಿಂದ ತೂತು ಕೊರೆದು ಕಿರೀಟ, ಕಂಠೀಹಾರ, ಸೀರೆಯ ಅಂಚುಗಳನ್ನು ಮೂಡಿಸುತ್ತಾರೆ. ಗೊಂಬೆಯನ್ನು ಗೋಡೆಗೆ ಒರಗಿಸಿ ನೋಡಿದರೆ ಇವು ಬರಿಯ ತೂತುಗಳ ಸಾಲು. ಹಿಂದಿನಿಂದ ದೀಪ ಹಿಡಿದಾಗ ತೂತುಗಳೇ ಗೆರೆ, ಚರ್ಮವೇ ಬಿಡುವು. ಹಾರದ ಗೆರೆ ಅಖಂಡವಾಗಿರಲೆಂದು ಉಳಿಯನ್ನು ಸುತ್ತಲೂ ಓಡಿಸಿದರೆ ಕೊರಳೇ ಕಳಚಿ ಬೀಳುತ್ತದೆ. ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಉಳಿಸಿದ ಚರ್ಮದ ಸಣ್ಣ ಸೇತುವೆಗಳೇ ರಾಮನನ್ನೂ ರಾವಣನನ್ನೂ ಹಿಡಿದು ನಿಲ್ಲಿಸಿರುವುದು.

ಸ್ಟೆನ್ಸಿಲ್ ಅಕ್ಷರಗಳ ಕಷ್ಟವೂ ಇದೇ. ಯಶವಂತಪುರದ ಮಾರುಕಟ್ಟೆಗೆ ಬರುವಂಥ ಗೋಣಿಚೀಲದ ಮೇಲೆ ತಗಡಿನ ಅಚ್ಚಿಟ್ಟು ‘ಬೆಂಗಳೂರು’ ಎಂದು ಬಳಿಯಬೇಕಾಗಿದೆ ಎಂದುಕೊಳ್ಳೋಣ. ಅನುಸ್ವಾರದ ಸೊನ್ನೆಯನ್ನು ಸುತ್ತಲೂ ಕತ್ತರಿಸಿದ ಕೂಡಲೇ ಒಳಗಿನ ಬಿಲ್ಲೆ ಉದುರಿ, ಸೊನ್ನೆ ಹೋಗಿ ದಪ್ಪ ಚುಕ್ಕಿಯಾಗುತ್ತದೆ. ‘ರು’ವಿನ ಹೊಟ್ಟೆಯೂ ಹಾಗೆಯೇ. ‘ಠ’ದಲ್ಲಿ ಹೊಟ್ಟೆಯೊಳಗೆ ಇನ್ನೊಂದು ಚುಕ್ಕಿ ಬೇರೆ ಇದೆ. ಆದ್ದರಿಂದ ದುಂಡಗಿನ ಪ್ರತಿ ಗೆರೆಯನ್ನೂ ಎಲ್ಲಾದರೂ ಕಡಿದು ಸೇತುವೆ ಬಿಡಲೇಬೇಕು. ರೋಮನ್ ಲಿಪಿಯಲ್ಲಿ ಈ ಸೇತುವೆಗಳ ಜಾಗ ಬಳಕೆಯಿಂದ ಬಹುಮಟ್ಟಿಗೆ ನಿಂತುಹೋಗಿದೆ, ‘ಓ’ ಅಕ್ಷರ ಮೇಲೆ ಕೆಳಗೆ ಸೀಳುವುದು ಎಲ್ಲರ ಕಣ್ಣಿಗೂ ಒಗ್ಗಿದೆ. ದುಂಡಗಿನ ಗೆರೆಗಳಿಂದಲೇ ಕಟ್ಟಿದ ಕನ್ನಡಕ್ಕೆ ಅದೇ ಸೀಳನ್ನು ತಂದು ಹಾಕಿದರೆ ತಲೆಕಟ್ಟು ಹೊಟ್ಟೆಯಿಂದ ಬೇರ್ಪಟ್ಟು ಅಕ್ಷರವೇ ಬೇರೆಯಾಗಿ ಓದಿಸಿಕೊಳ್ಳುತ್ತದೆ. ‘ರ’ವನ್ನು ಕೆಳಗೆ ಕಡಿಯುವುದು ಮೇಲೆಂದು ನನಗೆ ತೋರುತ್ತದೆ, ಬರೆಯುವ ಕೈ ತಲೆಕಟ್ಟಿಗೆ ಸೇರುವ ಜಾಗವನ್ನು ಮುಟ್ಟಬಾರದು. ಒತ್ತಕ್ಷರಗಳಲ್ಲಿ ಸೇತುವೆ ಮೂಲ ಅಕ್ಷರಕ್ಕೂ ಒತ್ತಿಗೂ ನಡುವೆ ಬಂದರೆ ಸಾಕೋ, ಒತ್ತಿನೊಳಗೆ ಇನ್ನೊಂದು ಬೇಕೋ ಎನ್ನುವುದನ್ನು ತಗಡು ಕತ್ತರಿಸಿ, ಬಣ್ಣ ಬಳಿದು, ದೂರದಲ್ಲಿ ನಿಂತು ಓದಿಯೇ ತೀರ್ಮಾನಿಸಬೇಕು. ಈ ಊರಿನ ಅಕ್ಷರ ವಿನ್ಯಾಸಕರು ಅದನ್ನು ಕೈಗೆತ್ತಿಕೊಳ್ಳಲಿ, ಮೊದಲು ‘ಠ’ದಿಂದಲೇ ಶುರುಮಾಡಲಿ.